ಟೊಂಕದ ಡಿಸ್ಕಿಗೆ ಯಾವ ಸೂಜಿ? ಕಲಬುರಗಿ ಭಾಗದವರಿಗೊಂದು ಹೋಲಿಕೆ

ಗಂಜ್‌ನಲ್ಲಿ ಹಮಾಲಿ ಮಾಡುವ ಒಬ್ಬರ ಮಗ ಈಚೆಗೆ ಎಂ.ಆರ್.ಐ. ಲಕೋಟೆ ಹಿಡಿದುಕೊಂಡು ನಮ್ಮ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಅಣ್ಣಾರ, ಅಪ್ಪನ ಟೊಂಕದಾಗಿನ ಗಾದಿ ಸರದದ ಅಂತ್ರಿ. ಒಬ್ರು ಸ್ಟೆರಾಯ್ಡ್ ಸೂಜಿ ಅಂತಾರ, ಒಬ್ರು ಓಝೋನ್ ಅಂತಾರ, ಸೋಲಾಪುರಕ್ಕ ಹೋಗಿ ಲೇಸರ್ ಮಾಡಸ್ರಿ ಅಂತ ಇನ್ನೊಬ್ರು. ಯಾವುದು ಛಲೋ ಹೇಳ್ರಿ, ಅದೇ ಮಾಡಸ್ತೀವಿ." ತೊಗರಿ ಆವಕ ಜೋರಿದ್ದ ದಿನಗಳು. ಸುಗ್ಗಿ ಮುಗಿಯುವುದರೊಳಗೆ ಅಪ್ಪ ಎದ್ದು ಚೀಲಕ್ಕೆ ಹೆಗಲು ಕೊಡಬೇಕೆಂಬ ಅವಸರ ಅವನ ಮುಖದ ಮೇಲೇ ಇತ್ತು.

ನಾನು ವೈದ್ಯನಲ್ಲ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ನಡೆಸುವ ತಂತ್ರಜ್ಞ. ಸೀಸದ ಏಪ್ರನ್ ತೊಟ್ಟು, ವೈದ್ಯರು ಬೆನ್ನಿಗೆ ಸೂಜಿ ಇಳಿಸುವಾಗ ಅದರ ಮೊನೆ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವುದು ನನ್ನ ಕೆಲಸ. ಇಂಥ ಪ್ರಶ್ನೆ ಹೊತ್ತು ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಎಲ್ಲರಿಗೂ ಬಾಗಿಲಲ್ಲಿ ನಿಂತು ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದಿಡೋಣ ಅನ್ನಿಸಿತು. ಔಷಧ, ಡೋಸು ನಿಮ್ಮ ವೈದ್ಯರಿಗೆ ಬಿಟ್ಟದ್ದು. ಯಾವ ಸೂಜಿ ಯಾವ ಕೆಲಸಕ್ಕೆ, ಅದರಿಂದ ಸಿಗುವುದೇನು, ಹೋಗುವುದೇನು ಎಂಬುದನ್ನು ಮಾತ್ರ ಇಲ್ಲಿ ತೂಗಿದ್ದೇನೆ.

ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು

ನೋವು ಟೊಂಕದಲ್ಲೋ ಕಾಲಿನಲ್ಲೋ? ಇದರಷ್ಟು ಮುಖ್ಯವಾದ ಪ್ರಶ್ನೆ ಬೇರೆ ಇಲ್ಲ. ಪಿರ್ರೆಯಿಂದ ಹೊರಟು ಮೊಣಕಾಲು ದಾಟಿ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಇಳಿಯುವ ನೋವಾದರೆ ನರ ಒತ್ತಿದೆ ಎಂದು ಅರ್ಥ, ಅದನ್ನೇ ಸಯಾಟಿಕಾ ಅನ್ನುತ್ತಾರೆ. ಸೂಜಿಗಳ ಉಪಯೋಗ ಹೆಚ್ಚಾಗಿ ಈ ಕಾಲು ನೋವಿಗೇ. ಬರೀ ಟೊಂಕ ಹಿಡಿದುಕೊಳ್ಳುತ್ತದೆ, ಕಾಲಿಗೇನೂ ಇಲ್ಲ ಅನ್ನುವವರಿಗೆ ಮುಂದೆ ಹೇಳುವ ಬಹುಪಾಲು ಸೂಜಿಗಳಿಂದ ಸಿಗುವುದು ಕಡಿಮೆ.

ಎರಡನೆಯದು, ಡಿಸ್ಕಿನ ಆಕಾರ. ಡಿಸ್ಕ್ ಅಂದರೆ ಎರಡು ಬೆನ್ನಮಣಿಗಳ ನಡುವಿನ ಮೆತ್ತೆ. ಹೋಳಿಗೆ ನೆನಪಿಸಿಕೊಳ್ಳಿ: ಹೊರಗೆ ಗಟ್ಟಿ ನಾರಿನ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಹರಿಯದೆ ಸುತ್ತಲೋ ಒಂದು ಕಡೆಯೋ ಉಬ್ಬಿದರೆ ವರದಿಯಲ್ಲಿ ಬಲ್ಜ್ ಅಥವಾ ಪ್ರೊಟ್ರೂಷನ್ ಎಂದಿರುತ್ತದೆ. ಕಣಕ ಹರಿದು ಹೂರಣ ಹೊರಬಿದ್ದರೆ ಎಕ್ಸ್‌ಟ್ರೂಷನ್. ಹೊರಬಿದ್ದ ತುಣುಕು ಕಡಿದುಕೊಂಡು ಬೇರೆಯೇ ಕೂತರೆ ಸೀಕ್ವೆಸ್ಟ್ರೇಷನ್. ಬಹುಪಾಲು ಇದು ಆಗುವುದು ಕೆಳಗಿನ ಎರಡು ಡಿಸ್ಕಿನಲ್ಲಿ, ಎಲ್4-ಎಲ್5 ಮತ್ತು ಎಲ್5-ಎಸ್1. ನಿಮ್ಮ ವರದಿಯಲ್ಲಿ ಈ ನಾಲ್ಕು ಪದಗಳಲ್ಲಿ ಯಾವುದಿದೆ ಎಂದು ಹುಡುಕಿ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ವರದಿ ನೋಡಿಯೇ ಎದೆ ಒಡೆದುಕೊಳ್ಳಬೇಡಿ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ, 20ರ ವಯಸ್ಸಿನವರಲ್ಲೇ 100ಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು, 80ರವರಲ್ಲಿ 84 ಮಂದಿಗೆ. ಸ್ಕ್ಯಾನಿನಲ್ಲಿ ಕಂಡ ಜಾಗವೂ ನಿಮ್ಮ ಕಾಲು ನೋವು ಇಳಿಯುವ ದಾರಿಯೂ ಒಂದಕ್ಕೊಂದು ಹೊಂದಿದರೆ ಮಾತ್ರ ಆ ಡಿಸ್ಕು ಅಪರಾಧಿ.

ಮೂರನೆಯದು, ಎಷ್ಟು ವಾರವಾಯಿತು? ನಾಲ್ಕನೆಯದು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ನಡುವಿನದನ್ನೆಲ್ಲ ಬಿಟ್ಟು ನೇರ ಬಯಾಪ್ಸಿಯ (ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸುವುದು) ಭಾಗಕ್ಕೆ ಹೋಗಿ. ಆಮೇಲೆ ನಿಮ್ಮ ದೇಹದ ಲೆಕ್ಕ: ಶುಗರ್, ರಕ್ತ ತೆಳುವಾಗಿಸುವ ಗುಳಿಗೆ, ಬಸಿರು, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ಡೈಗೆ ಅಲರ್ಜಿ. ಕೊನೆಗೆ ದುಡ್ಡು ಮತ್ತು ದಾರಿ.

ಇದೆಲ್ಲಕ್ಕಿಂತ ಮೊದಲು ಇನ್ನೊಂದು ಮಾತು. ಉಚ್ಚೆ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದು ಸ್ಪರ್ಶವೇ ತಿಳಿಯದಿದ್ದರೆ, ಪಾದ ಎತ್ತಲು ಬಾರದೆ ಚಪ್ಪಲಿ ಜಾರಿ ಬೀಳುತ್ತಿದ್ದರೆ ಯಾವ ಸೂಜಿಯ ಹೋಲಿಕೆಯೂ ಬೇಡ. ಅದೇ ದಿನ, ಅದೇ ರಾತ್ರಿ ಬೆನ್ನಿನ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾದು ಉಚ್ಚೆಯ ಹಿಡಿತ ಕಾಯಂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಸೂಜಿಯೇ ಇಲ್ಲದೆ ಕಾಯುವುದು

ಇದೂ ಒಂದು ಆಯ್ಕೆ, ಎಲ್ಲಕ್ಕಿಂತ ಅಗ್ಗದ್ದು. ನರ ಒತ್ತಿದ ಕಾಲು ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಜನಕ್ಕೆ ಅಚ್ಚರಿ ಅನ್ನಿಸುವ ಸಂಗತಿಯೆಂದರೆ, ಹೂರಣ ಹೆಚ್ಚು ಹೊರಬಿದ್ದಷ್ಟೂ ದೇಹ ಅದನ್ನು ಕರಗಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಕಡಿದು ಬಿದ್ದ ತುಣುಕುಗಳು ಬಹುಪಾಲು ಕುಗ್ಗುತ್ತವೆ, ಬರೀ ಉಬ್ಬಿದ ಡಿಸ್ಕು ಕುಗ್ಗುವುದು ಅಪರೂಪ. ಹಾಗಾಗಿ ವರದಿಯಲ್ಲಿ 'ದೊಡ್ಡ ಎಕ್ಸ್‌ಟ್ರೂಷನ್' ಎಂದು ಓದಿದ ಕೂಡಲೇ ಹೊಲ ಒತ್ತೆ ಇಡಲು ಓಡಬೇಕಿಲ್ಲ.

ನೆದರ್‌ಲೆಂಡ್ಸ್‌ನಲ್ಲಿ 283 ಸಯಾಟಿಕಾ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವ ಚಿಕಿತ್ಸೆ. ಆಪರೇಷನ್ ಆದವರ ನೋವು ಬೇಗ ಇಳಿಯಿತು, ಆದರೆ ವರ್ಷದ ಕೊನೆಗೆ ಎರಡೂ ಗುಂಪು ಒಂದೇ ಮಟ್ಟದಲ್ಲಿತ್ತು. ಕಾದ ಗುಂಪಿನಲ್ಲಿ 100ಕ್ಕೆ 39 ಮಂದಿ ಮಾತ್ರ ಆಮೇಲೆ ಆಪರೇಷನ್ ಮಾಡಿಸಿಕೊಂಡರು. ಕಾಯುವುದರ ಬೆಲೆ ಏನೆಂದರೆ ಆ ವಾರಗಳ ನೋವು, ಕಳೆದುಹೋದ ಕೂಲಿ. ದಿನದ ದುಡಿಮೆಯ ಮೇಲೆ ಮನೆ ನಡೆಸುವವರಿಗೆ ಅದು ಸಣ್ಣ ಬೆಲೆಯಲ್ಲ ಎಂಬುದು ನನಗೆ ಗೊತ್ತಿದೆ. ಮುಂದಿನ ಸೂಜಿಗೆ ಅರ್ಥ ಬರುವುದೇ ಅಲ್ಲಿ.

ಡಿಸ್ಕಿನ ಹೊರಗೆ ನಿಲ್ಲುವ ಸೂಜಿ: ಎಪಿಡ್ಯೂರಲ್ ಸ್ಟೆರಾಯ್ಡ್

ಇದು ಡಿಸ್ಕಿನೊಳಗೆ ಹೋಗುವುದೇ ಇಲ್ಲ. ಬಾತುಕೊಂಡ ನರದ ಪಕ್ಕಕ್ಕೆ ಸ್ಟೆರಾಯ್ಡ್ ಮತ್ತು ಮರಗಟ್ಟಿಸುವ ಔಷಧ ಬಿಡುತ್ತಾರೆ. ಮೂರು ದಾರಿಗಳಿವೆ. ಬೆನ್ನಮಣಿಗಳ ಹಿಂಭಾಗದ ಸಂದಿಯಿಂದ ಹೋಗುವುದು ಒಂದು. ಬಾಲಮೂಳೆಯ ಹತ್ತಿರದ ತೂತಿನಿಂದ ಮೇಲಕ್ಕೆ ಔಷಧ ಬಿಡುವ ಕಾಡಲ್ ದಾರಿ ಇನ್ನೊಂದು, ಹಿಂದೆ ಬೆನ್ನಿನ ಆಪರೇಷನ್ ಆದವರಿಗೆ ಇದು ಅನುಕೂಲ. ನರ ಹೊರಬರುವ ಕಿಂಡಿಗೇ ನೇರ ಹೋಗುವ ಟ್ರಾನ್ಸ್‌ಫೊರಾಮಿನಲ್ ಮೂರನೆಯದು. ಒಂದೇ ಕಾಲು, ಒಂದೇ ನರದ ನೋವಾದರೆ ಔಷಧವನ್ನು ಬೇಕಾದ ಜಾಗಕ್ಕೇ ಮುಟ್ಟಿಸುವುದು ಈ ಮೂರನೆಯ ದಾರಿ.

ಪರದೆಯ ಮೇಲೆ ನಾನು ಕಾಣುವುದನ್ನು ಹೇಳುತ್ತೇನೆ. ಸೂಜಿ ಕಿಂಡಿಗೆ ಮುಟ್ಟಿದ ಮೇಲೆ ವೈದ್ಯರು ಮೊದಲು ಒಂದೆರಡು ಮಿ.ಲೀ. ಡೈ ಬಿಡುತ್ತಾರೆ. ಜಾಗ ಸರಿಯಿದ್ದರೆ ಡೈ ನರದ ಮಗ್ಗುಲಲ್ಲಿ ಕರಿ ಗೆರೆಯಾಗಿ ನಿಧಾನ ಇಳಿದು ಅಲ್ಲೇ ನಿಲ್ಲುತ್ತದೆ. ಸೂಜಿ ರಕ್ತನಾಳದಲ್ಲಿದ್ದರೆ ಅದೇ ಗೆರೆ ಮಿಂಚಿ ಮಾಯವಾಗುತ್ತದೆ. ಮಾಯವಾದರೆ ಔಷಧ ಬಿಡಬಾರದು, ಸೂಜಿ ಸರಿಸಬೇಕು. ಈ ಒಂದು ಕ್ಷಣಕ್ಕಾಗಿಯೇ ಸಿ-ಆರ್ಮ್ ಬೇಕಾಗುವುದು. ಎಪಿಡ್ಯೂರಲ್ ಸ್ಟೆರಾಯ್ಡ್‌ನಿಂದ ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿ ಹೋಗುವುದು, ಸಾವು ಕೂಡ ಆಗಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಕಣಕಣವಾಗಿರುವ ಸ್ಟೆರಾಯ್ಡ್ ರಕ್ತನಾಳಕ್ಕೆ ಹೊಕ್ಕು ಅಡ್ಡ ಕಟ್ಟುವುದು ಇದಕ್ಕೆ ಒಂದು ಕಾರಣವೆನ್ನುತ್ತಾರೆ. ಅದಕ್ಕೇ ಈ ಕಿಂಡಿಯ ದಾರಿಗೆ ಕಣವಿಲ್ಲದ ಡೆಕ್ಸಾಮೆಥಾಸೋನ್ ಅನ್ನು ಮೊದಲು ಆರಿಸುವುದು ರೂಢಿ. "ಕಣ್ಣಂದಾಜಿಗೆ ಹಾಕ್ತೀನಿ, ಯಂತ್ರ ಬೇಡ" ಎಂದರೆ ಈ ದಾರಿಗೆ ಒಪ್ಪಬೇಡಿ. ಯಂತ್ರದ ಬಾಡಿಗೆ ಉಳಿಸುವ ಜಾಗ ಇದಲ್ಲ.

ಸಿಗುವುದೇನು? ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಕಾಲು ನೋವಿನಿಂದ ಬಿಡುವು. ಈ ಸೂಜಿಯಿಂದ ಹೊರಚಾಚಿದ ಡಿಸ್ಕ್ ವಾಪಸ್ ಒಳಗೆ ಹೋಗುವುದಿಲ್ಲ, ಹೂರಣ ಕರಗುವುದೂ ಇಲ್ಲ. ದೇಹ ತಾನೇ ರಿಪೇರಿ ಮಾಡಿಕೊಳ್ಳುವವರೆಗೆ ನಿದ್ದೆ ಮಾಡಲು, ನಡೆದಾಡಲು, ವ್ಯಾಯಾಮ ಶುರುಮಾಡಲು ಸಮಯ ಕೊಳ್ಳುತ್ತೀರಿ ಅಷ್ಟೇ. ಆರು ವಾರ ಕಾದರೂ ಕಾಲು ನೋವು ಇಳಿಯದವರಿಗೆ, ಅಥವಾ ಕಾಯಲಾಗದಷ್ಟು ನೋವಿರುವವರಿಗೆ ನನ್ನ ಲೆಕ್ಕದಲ್ಲಿ ಮೊದಲ ಸೂಜಿ ಇದೇ. ಸೂಜಿಗಳಲ್ಲಿ ಖರ್ಚು ಕಡಿಮೆ, ಡಿಸ್ಕಿಗೆ ತೂತು ಬೀಳುವುದಿಲ್ಲ, ಕೆಲಸ ಮಾಡದಿದ್ದರೂ ಮುಂದಿನ ದಾರಿ ಮುಚ್ಚುವುದಿಲ್ಲ. ಒಂದು ಸೂಜಿಯಿಂದ ಏನೇನೂ ಆಗದಿದ್ದರೆ "ಮೂರರ ಕೋರ್ಸ್ ಇದೆ" ಎಂದು ಕಣ್ಣುಮುಚ್ಚಿ ಮುಂದುವರಿಯುವ ಬದಲು, ರೋಗನಿರ್ಣಯವೇ ಸರಿಯಿದೆಯೇ ಎಂದು ಕೇಳಿ.

ಶುಗರ್ ಇದ್ದವರು ಇದನ್ನು ಮರೆಯಬಾರದು: ಸೂಜಿಯಾದ ಮೇಲೆ ಕೆಲವು ದಿನ ಸಕ್ಕರೆ ಮಟ್ಟ ಏರುತ್ತದೆ. ಮನೆಯಲ್ಲೇ ಅಳೆಯುವ ಯಂತ್ರವಿಟ್ಟುಕೊಂಡು, ಗುಳಿಗೆ ಅಥವಾ ಇನ್ಸುಲಿನ್ ಹೇಗೆ ಬದಲಿಸಬೇಕೆಂದು ಮೊದಲೇ ಕೇಳಿಕೊಳ್ಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ನುಂಗುವವರು, ವಾರ್ಫರಿನ್ ನುಂಗುವವರು ಅದನ್ನು ಸೂಜಿ ಹಾಕುವ ವೈದ್ಯರಿಗೆ ಹೇಳಲೇಬೇಕು. ಅದನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಆದರೆ ನಿಲ್ಲಿಸಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದವರು ನಿಮ್ಮ ಹೃದಯದ ವೈದ್ಯರು. ನೀವಾಗಿಯೇ ಬಿಡಬೇಡಿ.

ಡಿಸ್ಕಿನೊಳಗೆ ಹೋಗುವ ಸೂಜಿಗಳು

ಇಲ್ಲಿಂದ ಲೆಕ್ಕ ಬದಲಾಗುತ್ತದೆ. ಡಿಸ್ಕಿಗೆ ರಕ್ತಸಂಚಾರ ಇಲ್ಲವೆಂಬಷ್ಟು ಕಡಿಮೆ. ಒಳಗೆ ಒಂದು ರೋಗಾಣು ಹೊಕ್ಕರೆ ಅದರೊಡನೆ ಹೋರಾಡಲು ದೇಹದ ಸೈನ್ಯ ಅಲ್ಲಿಗೆ ಬೇಗ ತಲುಪುವುದಿಲ್ಲ. ಸೋಂಕಾಗುವ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಒಮ್ಮೆ ಆಯಿತೆಂದರೆ ವಾರಗಟ್ಟಲೆ ಆಂಟಿಬಯಾಟಿಕ್, ಹಾಸಿಗೆ. ಆದ್ದರಿಂದ ಇದನ್ನು ಪೂರ್ತಿ ಆಪರೇಷನ್ ಥಿಯೇಟರಿನ ಶುಚಿಯಲ್ಲೇ ಮಾಡಬೇಕು.

ಓಝೋನ್ ಬಗ್ಗೆ ನಮ್ಮ ಕಡೆ ಹೆಚ್ಚು ಕೇಳುತ್ತಾರೆ. ಆಮ್ಲಜನಕದಿಂದ ಅಲ್ಲೇ ಯಂತ್ರದಲ್ಲಿ ಓಝೋನ್ ತಯಾರಿಸಿ, ಎರಡರ ಮಿಶ್ರಣವನ್ನು ಕೆಲವೇ ಮಿ.ಲೀ. ಡಿಸ್ಕಿನೊಳಗೆ ಬಿಡುತ್ತಾರೆ. ಬೇಗ ಕೆಟ್ಟುಹೋಗುವ ಅನಿಲವಾದ್ದರಿಂದ ತುಂಬಿಸಿ ಇಟ್ಟುಕೊಳ್ಳಲು ಬಾರದು. ಒಳಗಿನ ಹೂರಣವನ್ನು ಒಣಗಿಸಿ ಕುಗ್ಗಿಸುವುದು, ನರದ ಬಾವು ಇಳಿಸುವುದು ಇದರ ಉದ್ದೇಶ. ಹೂರಣ ಕರಗಿಸುವ ಯೋಚನೆ ಹಳೆಯದು: ಪಪ್ಪಾಯಿ ಹಾಲಿನಿಂದ ತೆಗೆದ ಕೈಮೊಪಪೇನ್ ಎಂಬ ಕಿಣ್ವಕ್ಕೆ ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಕೆಲವರಿಗೆ ಜೀವಕ್ಕೇ ಅಪಾಯ ತರುವ ಅಲರ್ಜಿಯಾಗಿ, 2003ರಲ್ಲಿ ಅದರ ಮಾರಾಟವೇ ನಿಂತಿತು.

ಓಝೋನ್ ಇಟಲಿಯಲ್ಲಿ ಬಹಳ ಬಳಕೆಯಲ್ಲಿದೆ. 2022ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಆರು ತಿಂಗಳ ಮಟ್ಟಿಗೆ ಇದು ಮೈಕ್ರೋಡಿಸ್ಕೆಕ್ಟಮಿ, ಅಂದರೆ ಸಣ್ಣ ಗಾಯದಿಂದ ಡಿಸ್ಕಿನ ತುಣುಕು ತೆಗೆಯುವ ಆಪರೇಷನ್‌ಗಿಂತ ಕಡಿಮೆಯೇನಿಲ್ಲ ಎಂದು ಕಂಡಿತು, ಆದರೆ ಅದರಲ್ಲಿದ್ದ ರೋಗಿಗಳು 50ರೊಳಗೆ. ಎಫ್‌ಡಿಎ ಅಂತೂ ಓಝೋನ್‌ಗೆ ಯಾವ ವೈದ್ಯಕೀಯ ಉಪಯೋಗವನ್ನೂ ಒಪ್ಪಿಲ್ಲ. ಇನ್ನೊಂದನ್ನು ನಾನೇ ಕಣ್ಣಾರೆ ನೋಡುತ್ತೇನೆ: ಬಹಳ ಕಡೆ ಓಝೋನ್ ಜೊತೆಗೇ ನರದ ಪಕ್ಕ ಸ್ಟೆರಾಯ್ಡನ್ನೂ ಹಾಕುತ್ತಾರೆ. ನೋವು ಇಳಿದರೆ ಅದು ಯಾವುದರ ಪುಣ್ಯ ಎಂದು ಹೇಳುವುದು ಹೇಗೆ? ಹಾಗಾಗಿ ಸ್ಟೆರಾಯ್ಡ್ ಸೂಜಿ ಒಂದನ್ನೇ ಮೊದಲು ಮಾಡಿಸಿ, ಅದು ಸಾಲದಾಗಿ, ಆಪರೇಷನ್ ಬೇಡವೆನ್ನುವವರು ಓಝೋನ್ ಯೋಚಿಸಬಹುದು ಎಂಬುದು ನನ್ನ ಅಭಿಪ್ರಾಯ. ಜಿ6ಪಿಡಿ ಎಂಬ ಕಿಣ್ವದ ಕೊರತೆ, ಹತೋಟಿಯಲ್ಲಿಲ್ಲದ ಥೈರಾಯ್ಡ್ ಹೆಚ್ಚಳ, ಬಸಿರು ಇದ್ದವರಿಗೆ ಬೇಡವೇ ಬೇಡ.

ಕೋಬ್ಲೇಷನ್ ಅಥವಾ ನ್ಯೂಕ್ಲಿಯೋಪ್ಲಾಸ್ಟಿ, ಮತ್ತು ಲೇಸರ್, ಈ ಎರಡೂ ಒಳಗಿನ ಹೂರಣದಲ್ಲಿ ಒಂದಿಷ್ಟನ್ನು ಆವಿ ಮಾಡಿ ಒತ್ತಡ ಇಳಿಸುತ್ತವೆ. ಮೊದಲನೆಯದು ಪ್ಲಾಸ್ಮಾ ಬಳಸಿ ಕಡಿಮೆ ಬಿಸಿಯಲ್ಲಿ, ಎರಡನೆಯದು ಲೇಸರ್ ಬೆಳಕಿನ ಬಿಸಿಯಲ್ಲಿ. ಕಣಕ ಹರಿಯದ ಡಿಸ್ಕಿಗೆ ಮಾತ್ರ ಇವು ಹೊಂದುತ್ತವೆ. ವರದಿಯಲ್ಲಿ ಸೀಕ್ವೆಸ್ಟ್ರೇಷನ್ ಎಂದಿದ್ದೂ ಲೇಸರ್ ಮಾಡುತ್ತೇವೆ ಎನ್ನುವವರಿದ್ದರೆ, ಹೊರಗೆ ಕಡಿದು ಬಿದ್ದ ತುಣುಕು ಒಳಗಿನ ಒತ್ತಡ ಇಳಿಸಿದರೆ ಹೇಗೆ ವಾಪಸ್ ಹೋಗುತ್ತದೆ ಎಂದು ಕೇಳಿ. ಅದಕ್ಕೆ ಉತ್ತರವಿಲ್ಲ.

ಸ್ಟೆರಾಯ್ಡ್ ಒಮ್ಮೆ ವಿಫಲವಾದ, ಕಣಕ ಹರಿಯದ ಡಿಸ್ಕಿನ ಕಾಲು ನೋವಿನವರಲ್ಲಿ ಪ್ಲಾಸ್ಮಾ ವಿಧಾನ ಮತ್ತೊಂದು ಸ್ಟೆರಾಯ್ಡ್ ಸೂಜಿಗಿಂತ ಮೇಲು ಎಂದು 2010ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಇದಕ್ಕೆ ಒಂದು ಸಣ್ಣ, ಆದರೆ ನಿಜವಾದ ಜಾಗವಿದೆ. ಲೇಸರ್ ಬಗ್ಗೆ ನೆದರ್‌ಲೆಂಡ್ಸ್‌ನಲ್ಲಿ 115 ರೋಗಿಗಳ ಮೇಲೆ ನಡೆದ ಹೋಲಿಕೆ 2015ರಲ್ಲಿ ಬಂತು. ವರ್ಷದ ಕೊನೆಗೆ ಲೇಸರ್ ಗುಂಪೂ ಆಪರೇಷನ್ ಗುಂಪೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದವು, ಆದರೆ ಲೇಸರ್ ಆದವರಲ್ಲಿ 100ಕ್ಕೆ 38 ಮಂದಿಗೆ ಆಮೇಲೆ ಆಪರೇಷನ್ ಬೇಕಾಯಿತು, ಮೊದಲೇ ಆಪರೇಷನ್ ಆದವರಲ್ಲಿ ಮತ್ತೆ ಬೇಕಾದದ್ದು 16 ಮಂದಿಗೆ. ಅಂದರೆ ಹತ್ತರಲ್ಲಿ ಆರು ಜನ ಕತ್ತರಿಯಿಂದ ತಪ್ಪಿಸಿಕೊಂಡರು, ಉಳಿದ ನಾಲ್ವರು ಎರಡು ಬಾರಿ ಖರ್ಚು ಮಾಡಿದರು. ಕೈಯಲ್ಲಿ ದುಡ್ಡಿರುವ, ವಿಮೆಯಿರುವ ನೌಕರರಿಗೆ ಇದು ಒಪ್ಪುವ ಜೂಜಾಗಬಹುದು. ಸಾಲ ತೆಗೆದು ಒಂದೇ ಬಾರಿ ಖರ್ಚು ಮಾಡಬಲ್ಲ ಮನೆಗೆ, ಆಪರೇಷನ್ ಬೇಕೇಬೇಕಾದಾಗ ಆ ಒಂದು ಬಾರಿಯನ್ನು ಮೈಕ್ರೋಡಿಸ್ಕೆಕ್ಟಮಿಗೆ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ.

ಡಿಸ್ಕೋಗ್ರಾಂ ಅಂದರೆ ಡಿಸ್ಕಿನೊಳಗೆ ಡೈ ಬಿಟ್ಟು "ಇದೇ ನೋವಾ?" ಎಂದು ಕೇಳುವ ಪರೀಕ್ಷೆ. ಚಿಕಿತ್ಸೆಯಲ್ಲ. ಹೀಗೆ ಚುಚ್ಚಿಸಿಕೊಂಡ ಡಿಸ್ಕುಗಳು ಹತ್ತು ವರ್ಷದ ನಂತರ ಚುಚ್ಚಿಸಿಕೊಳ್ಳದವರಿಗಿಂತ ಹೆಚ್ಚು ಸವೆದಿದ್ದವು ಎಂದು 2009ರಲ್ಲಿ ತಿಳಿದುಬಂತು. ದೊಡ್ಡ ಆಪರೇಷನ್ ಯಾವ ಮಟ್ಟದಲ್ಲಿ ಎಂದು ತೀರ್ಮಾನಿಸಲು ಶಸ್ತ್ರಚಿಕಿತ್ಸಕರೇ ಕೇಳಿದರೆ ಮಾತ್ರ ಇದನ್ನು ಮಾಡಿಸಿ. ನಿಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ, ಸ್ಟೆಮ್ ಸೆಲ್‌ಗೆ ದುಡ್ಡು ಕೊಡಬೇಡಿ. ಬೆನ್ನಿನ ಡಿಸ್ಕಿಗೆ ಸ್ಟೆಮ್ ಸೆಲ್ ಅನ್ನು ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ಕೊಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ತಿಳಿಯಲು ಹಾಕುವ ಸೂಜಿ: ಬಯಾಪ್ಸಿ

ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ. ಜಾಹೀರಾತು ಇಲ್ಲದ, ಯಾರೂ ತಾವಾಗಿ ಕೇಳದ ಸೂಜಿ ಇದು. ಆದರೆ ಕಲಬುರಗಿ, ಬೀದರ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಜೀವ, ಕಾಲು ಎರಡನ್ನೂ ಉಳಿಸುವ ಸೂಜಿ ಇದೇ.

ನನ್ನ ಸೋದರಮಾವ ಯಾದಗಿರಿ ಜಿಲ್ಲೆಯವರು, ಕುರಿ ಕಾಯುವವರು. ಟೊಂಕ ನೋವೆಂದು ಒಂದು ಆಸ್ಪತ್ರೆಗೆ ಹೋದಾಗ ಡಿಸ್ಕ್ ಎಂದರು, ಎರಡು ಸ್ಟೆರಾಯ್ಡ್ ಸೂಜಿ ಹಾಕಿದರು. ಸಂಜೆ ಜ್ವರ ಬರುತ್ತದೆ ಎಂದು ಅತ್ತೆ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಎಂ.ಆರ್.ಐ. ಆದಾಗ ಎರಡು ಬೆನ್ನಮಣಿ ಮತ್ತು ನಡುವಿನ ಡಿಸ್ಕ್ ಕೊಳೆತಂತೆ ಕಂಡಿತು. ನಮ್ಮ ಕಡೆ ಅಂದರೆ ಕ್ಷಯವೇ ಇರಬೇಕು ಎಂದು ಬಯಾಪ್ಸಿ ಇಲ್ಲದೆ ಟಿ.ಬಿ. ಗುಳಿಗೆ ಶುರುಮಾಡಿದರು. ಮೊದಲು ಸ್ವಲ್ಪ ಗುಣವಾದರು, ಆಮೇಲೆ ಮತ್ತೆ ಹಾಸಿಗೆ. ನಾಲ್ಕು ತಿಂಗಳು ಕಳೆದ ಮೇಲೆ ಬೇರೆ ಕಡೆ ಸೂಜಿಯಿಂದ ಮಾದರಿ ತೆಗೆದಾಗ ಬ್ರುಸೆಲ್ಲಾ ಸಿಕ್ಕಿತು, ಕುರಿ-ಆಡಿನಿಂದ, ಕಾಯಿಸದ ಹಾಲಿನಿಂದ ಬರುವ ಸೋಂಕು.

ಮೊದಲು ಸ್ವಲ್ಪ ಗುಣವಾದದ್ದೇಕೆ ಎಂದು ನನಗೆ ಆಮೇಲೆ ಅರ್ಥವಾಯಿತು. ಟಿ.ಬಿ. ಗುಳಿಗೆಗಳಲ್ಲಿರುವ ರಿಫಾಂಪಿಸಿನ್ ಬ್ರುಸೆಲ್ಲಾಕ್ಕೂ ಕೊಡುವ ಔಷಧ. ಅದು ಅರ್ಧ ರೋಗವನ್ನು ಅದುಮಿ, "ಟಿ.ಬಿ.ಯೇ ಇತ್ತು, ನೋಡಿ ಗುಣವಾಗುತ್ತಿದೆ" ಎಂಬ ಭ್ರಮೆ ಹುಟ್ಟಿಸಿತು. ಬ್ರುಸೆಲ್ಲಾಕ್ಕೆ ಬೇಕಾದ ಡಾಕ್ಸಿಸೈಕ್ಲಿನ್ ಆ ನಾಲ್ಕು ತಿಂಗಳೂ ಅವರಿಗೆ ಸಿಗಲಿಲ್ಲ. ಈಗ ನಡೆಯುತ್ತಾರೆ, ಆದರೆ ಕುರಿಯ ಹಿಂದೆ ಅಲ್ಲ.

ಆದ್ದರಿಂದ ಜ್ವರ, ರಾತ್ರಿ ಬೆವರು, ತೂಕ ಇಳಿತ, ಮಲಗಿದರೂ ನೋವು ಇದ್ದು, ಸ್ಕ್ಯಾನಿನಲ್ಲಿ ಡಿಸ್ಕ್ ಜೊತೆ ಅದರ ಮೇಲಿನ-ಕೆಳಗಿನ ಮೂಳೆಯೂ ಕೆಟ್ಟಂತೆ ಕಂಡರೆ, ಸೋಂಕಿರಬಹುದೆಂದೇ ತಿಳಿಯಿರಿ, ಸ್ಟೆರಾಯ್ಡ್ ಸೂಜಿಗೆ ಒಪ್ಪಬೇಡಿ. ಮೊದಲು ಬಯಾಪ್ಸಿ ಕೇಳಿ. ಕುರಿ, ಆಡು, ದನ ಸಾಕುವವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಬ್ರುಸೆಲ್ಲಾ ರಕ್ತಪರೀಕ್ಷೆಯನ್ನೂ ಕೇಳಿ. ರೋಗಿ ತೀರಾ ಅಸ್ವಸ್ಥರಲ್ಲದಿದ್ದರೆ, ಕಾಲಿನ ಬಲ ಹೋಗುತ್ತಿಲ್ಲದಿದ್ದರೆ, ಮಾದರಿ ತೆಗೆಯುವವರೆಗೆ ಆಂಟಿಬಯಾಟಿಕ್ ತಡೆಹಿಡಿಯುವುದೂ ಉಂಟು, ಏಕೆಂದರೆ ಔಷಧ ಶುರುವಾದ ಮೇಲೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯುವುದು ಕಷ್ಟ.

ಥಿಯೇಟರಿನಲ್ಲಿ ಮಾದರಿ ಹೊರಬಂದಾಗ ಅದು ಅಕ್ಕಿಕಾಳಿನಷ್ಟು ದಪ್ಪದ ಎರಡು-ಮೂರು ತುಣುಕು, ಕೆಲವೊಮ್ಮೆ ಒಂದಿಷ್ಟು ಕೀವು. ನಾನು ಎರಡು ಡಬ್ಬಿ ಹಿಡಿದು ನಿಂತಿರುತ್ತೇನೆ. ಒಂದರಲ್ಲಿ ಫಾರ್ಮಲಿನ್, ಅದು ಸೂಕ್ಷ್ಮದರ್ಶಕದಡಿ ಜೀವಕೋಶ ನೋಡಲು. ಇನ್ನೊಂದರಲ್ಲಿ ಸಲೈನ್, ಅದು ಕಲ್ಚರ್ ಮತ್ತು ಟಿ.ಬಿ. ಪತ್ತೆಮಾಡುವ ಸಿಬಿನ್ಯಾಟ್‌ಗೆ. ಅವಸರದಲ್ಲಿ ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣುಗಳು ಅಲ್ಲೇ ಸಾಯುತ್ತವೆ, ಕಲ್ಚರ್ ಮಾಡಲು ಬಾರದು. ರೋಗಿಗೆ ಇನ್ನೊಮ್ಮೆ ಸೂಜಿ. ಅದಕ್ಕೇ ಮನೆಯವರು ಥಿಯೇಟರ್ ಬಾಗಿಲಲ್ಲಿ ಇದನ್ನು ಕೇಳಲೇಬೇಕು: "ಎಷ್ಟು ಡಬ್ಬಿ ಕಳಸಾಕತ್ತೀರಿ, ಸಲೈನ್‌ನಾಗೂ ಹಾಕೀರೇನ್ರಿ?" ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬ್ರುಸೆಲ್ಲಾ ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಲು ಹೇಳಿ, ಆ ರೋಗಾಣು ನಿಧಾನ ಬೆಳೆಯುತ್ತದೆ, ಅಲ್ಲಿನ ಸಿಬ್ಬಂದಿಗೂ ಅಂಟುತ್ತದೆ.

ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿ.ಬಿ. ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ. ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆಯೂ ಗುಳಿಗೆಯೂ ಉಚಿತ, ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೂ ಬರುತ್ತದೆ. ಬಯಾಪ್ಸಿಯ ಒಂದು ಮಿತಿಯೂ ಗೊತ್ತಿರಲಿ: ಸೂಜಿ ಮಾದರಿಯಲ್ಲಿ ರೋಗಾಣು ಪ್ರತಿ ಬಾರಿಯೂ ಸಿಗುವುದಿಲ್ಲ. ಮೊದಲ ಬಾರಿ ಏನೂ ಸಿಗದಿದ್ದರೆ "ಸೋಂಕಿಲ್ಲ" ಎಂದು ಮನೆಗೆ ಕಳಿಸಿದರೆ ಒಪ್ಪಬೇಡಿ, ಮತ್ತೆ ತೆಗೆಯಬೇಕೇ ಎಂದು ಕೇಳಿ.

ಸಿ-ಆರ್ಮೋ ಸಿ.ಟಿ.ಯೋ

ಎಪಿಡ್ಯೂರಲ್, ಓಝೋನ್, ಕೋಬ್ಲೇಷನ್‌ಗೆ ಸಿ-ಆರ್ಮ್ ಸಾಕು, ಸೂಜಿ ಚಲಿಸುವುದನ್ನು ಆಗಿಂದಾಗ ತೋರಿಸುತ್ತದೆ. ಟೊಂಕದ ಬಯಾಪ್ಸಿಗೂ ನಡೆಯುತ್ತದೆ. ಎದೆಭಾಗದ ಬೆನ್ನಮಣಿ, ಪುಪ್ಪುಸದ ಪಕ್ಕ, ದೊಡ್ಡ ರಕ್ತನಾಳದ ಹತ್ತಿರ, ಅಥವಾ ಸಣ್ಣ ಕೀವಿನ ಚೀಲಕ್ಕೆ ಗುರಿಯಿಡಬೇಕಾದರೆ ಸಿ.ಟಿ. ಮೇಲು, ಆದರೆ ವಿಕಿರಣವೂ ಹೆಚ್ಚು. ಅಲ್ಟ್ರಾಸೌಂಡ್‌ಗೆ ಮೂಳೆಯ ಹಿಂದಿನ ಡಿಸ್ಕ್ ಕಾಣುವುದಿಲ್ಲ. ಬಸಿರಿರುವ ಅನುಮಾನವಿದ್ದರೂ ಹೆಣ್ಣುಮಕ್ಕಳು ನಾಚದೆ ನಮಗೆ ಹೇಳಿ.

ದುಡ್ಡು, ದಾರಿ

ಖರ್ಚಿನ ಕ್ರಮ ಹೀಗೆ: ಎಪಿಡ್ಯೂರಲ್ ಎಲ್ಲಕ್ಕಿಂತ ಕಡಿಮೆ, ಓಝೋನ್ ಅದಕ್ಕಿಂತ ಮೇಲೆ, ಒಮ್ಮೆ ಬಳಸಿ ಎಸೆಯುವ ಉಪಕರಣದಿಂದಾಗಿ ಕೋಬ್ಲೇಷನ್ ಬಹಳ ಮೇಲೆ. ಯಾವುದೇ ಇರಲಿ, ಸೂಜಿಯ ಶುಲ್ಕ, ಥಿಯೇಟರ್ ಮತ್ತು ಸಿ-ಆರ್ಮ್, ಉಪಕರಣ, ಬೆಡ್ ಇವನ್ನು ಬೇರೆಬೇರೆ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 100ಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗಷ್ಟೇ. ನಿಮಗೆ ಹೇಳಿದ ಸೂಜಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಸೋಂಕಿನ ಅನುಮಾನವಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗಳಲ್ಲಿ ಮೊದಲು ವಿಚಾರಿಸಿ. ಇಎಸ್ಐ ಕಾರ್ಡ್ ಇದ್ದವರಿಗೆ ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ ಇದೆ.

ಬೀದರಿನವರು ಹೈದರಾಬಾದಿಗೆ, ನಮ್ಮವರು ಸೋಲಾಪುರಕ್ಕೆ ಹೋಗುವುದು ಹೊಸದಲ್ಲ. ಲೇಸರ್ ಹುಡುಕಿಕೊಂಡು ಹೋಗುವುದಾದರೆ ಫಲಿತಾಂಶ ಕೆಟ್ಟರೆ ಮತ್ತೆ ಯಾರ ಬಳಿ ತೋರಿಸುವುದು ಎಂದು ಮೊದಲೇ ಯೋಚಿಸಿ. ಸೂಜಿಯಾದ ದಿನವೇ ಬಸ್ಸಿನಲ್ಲಿ ಕುಲುಕಾಡಿಕೊಂಡು ಸುರಪುರಕ್ಕೋ ಔರಾದಿಗೋ ಹೊರಡಬೇಡಿ, ಕಾಲು ಕೆಲ ಗಂಟೆ ಮರಗಟ್ಟಿರಬಹುದು. ಒಂದು ರಾತ್ರಿ ಊರಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿಯಿರಿ. ಡಿಸ್ಕಿನೊಳಗೆ ಸೂಜಿ ಹೋದವರಿಗೆ ಒಂದರಿಂದ ನಾಲ್ಕು ವಾರದೊಳಗೆ ಹೊಸದಾಗಿ ತೀವ್ರ ಟೊಂಕ ನೋವು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದಂಥದ್ದು, ಜ್ವರ ಇದ್ದರೂ ಇಲ್ಲದಿದ್ದರೂ ಬಂದರೆ ತಕ್ಷಣ ವಾಪಸ್ ಬನ್ನಿ.

ಗಂಜ್‌ನ ಆ ಹುಡುಗನ ಲಕೋಟೆ ಬಿಚ್ಚಿ ನೋಡಿದೆವು. ಎಲ್4-ಎಲ್5 ಎಕ್ಸ್‌ಟ್ರೂಷನ್, ನೋವು ಎಡಗಾಲಿನ ಹೆಬ್ಬೆರಳಿನವರೆಗೆ, ಶುರುವಾಗಿ ಮೂರು ವಾರ. ಜ್ವರವಿಲ್ಲ, ಪಾದ ಎತ್ತಲು ಬರುತ್ತದೆ, ಉಚ್ಚೆ ಸರಿಯಾಗಿದೆ. ಶುಗರ್ ಇದೆ. ಅವನೇ ಬೆರಳು ಮಡಚಿ ಲೆಕ್ಕ ಹಾಕಿದ: ಲೇಸರ್ ಈ ಆಕಾರಕ್ಕೆ ಹೊಂದುವುದಿಲ್ಲ, ಓಝೋನ್ ಈಗಲೇ ಬೇಡ, ಇನ್ನೂ ಮೂರು ವಾರ ಗುಳಿಗೆ ಮತ್ತು ನಡಿಗೆ, ಇಳಿಯದಿದ್ದರೆ ಡೆಕ್ಸಾಮೆಥಾಸೋನ್ ಹಾಕಿ ಒಂದು ಕಿಂಡಿ ಸೂಜಿ. ತಮ್ಮ ವೈದ್ಯರಿಗೂ ಹಾಗೆಯೇ ಕೇಳಿದ, ಅವರೂ ಒಪ್ಪಿದರು. "ಅಲ್ಲೀತನಕ ಚೀಲ ನಾ ಹೊರ್ತೀನಿ ಬಿಡ್ರಿ" ಎಂದು ಲಕೋಟೆ ಮಡಚಿಕೊಂಡು ಹೋದ. ಹೋಗುವಾಗ ಅವನನ್ನು ವಾಪಸ್ ಕರೆದು, ಮೊಣಕಾಲು ಮಡಚಿ ಚೀಲ ಎತ್ತುವುದನ್ನು ಒಂದೆರಡು ಬಾರಿ ಮಾಡಿ ತೋರಿಸಿದೆ.